ಅತಿಥಿಗಳ ಪಾತ್ರೆ

ನೆಲದಡಿಯ ಗ್ಯಾಸನ್ನು ಹಡಗಿಗೆ ತುಂಬಿಸಿ ಜಗತ್ತಿಗೆಲ್ಲ ಮಾರುವ ದೇಶ ಅದು. ಆ ಗ್ಯಾಸಿಗೆ ಪೈಪ್ ಹಾಕುವ ಕೆಲಸಗಾರರ ಕ್ಯಾಂಪಿನಲ್ಲಿ ಮಾತ್ರ ಒಲೆ ಹೊತ್ತಿಸಲು ಗ್ಯಾಸ್ ಇರಲಿಲ್ಲ. ತಿಂಗಳಿಂದ ಎಲ್ಲರಿಗೂ ಒಣ ಕುಬೂಸ್ ರೊಟ್ಟಿ, ಹಸಿ ಈರುಳ್ಳಿ.

ಒಂದು ಬೆಳಿಗ್ಗೆ ಮ್ಯಾನೇಜರ್ ಸಿಲಿಂಡರ್ ತರಿಸಿ ಅಡುಗೆಯ ಇದಿನಬ್ಬನನ್ನು ಕರೆದ.

"ಕಂಪನಿಯ ದೊಡ್ಡವರು ಬರ್ತಾರೆ. ಬಿರಿಯಾನಿ ಮಾಡು, ಕಡಿಮೆ ಬೀಳಬಾರದು."

"ನಮ್ಮ ಹುಡುಗರಿಗೆ, ಸಾರ್?"

"ಅವರಿಗೆ ದಿನಾ ಕೊಡುವುದನ್ನೇ ಕೊಡು. ಗ್ಯಾಸ್ ಏನು ನಿನ್ನ ಅಪ್ಪನದ್ದಾ?"

"ಆಯ್ತು ಸಾರ್. ಬಡಿಸುವುದು ನನಗೆ ಬಿಡಿ."

ಮಧ್ಯಾಹ್ನ ಕ್ಯಾಂಪಿಡೀ ಬಿರಿಯಾನಿ ಘಮಘಮಿಸಿತು. ಮ್ಯಾನೇಜರ್ ಅತಿಥಿಗಳನ್ನು ಕೂರಿಸಿ, ನಗುತ್ತಾ ಪಾತ್ರೆಯ ಮುಚ್ಚಳ ತೆಗೆದ. ಒಳಗೆ ಒಣ ಕುಬೂಸ್, ಹಸಿ ಈರುಳ್ಳಿ.

"ಬಿರಿಯಾನಿ ಎಲ್ಲಿ ಮಾರಾಯ?"

ಇದಿನಬ್ಬ ಕಿಟಕಿಯತ್ತ ಕೈ ತೋರಿಸಿದ. ಹೊರಗೆ ನಳ್ಳಿಯ ಹತ್ತಿರ ಹುಡುಗರು ಊಟ ಮುಗಿಸಿ ಕೈ ತೊಳೆಯುತ್ತಿದ್ದರು.