ಹಂಬಿಸನ ಗೋಧಿ

ಚರ್ಚಿನ ಬಾಗಿಲಲ್ಲಿ ಮಿಲಿಯಾ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ ತಟ್ಟೆಗೆ ಒಬ್ಬರೂ ಕೈ ಹಾಕಲಿಲ್ಲ. ಪ್ರಾರ್ಥನೆ ಮುಗಿಸಿ ಹೊರಬಂದವರಲ್ಲಿ ಕೆಲವರು ಆಕಾಶ ನೋಡಿದರು, ಕೆಲವರು ಸುಮ್ಮನಿದ್ದ ಮಕ್ಕಳನ್ನು ಗದರಿಸುತ್ತ ಸರಸರನೆ ಮೆಟ್ಟಿಲಿಳಿದರು. ತಟ್ಟೆಯಲ್ಲಿದ್ದದ್ದು ಬೇಯಿಸಿದ ಗೋಧಿ, ಒಣದ್ರಾಕ್ಷಿ, ಹುರಿದ ಎಳ್ಳು. ಮೇಲೆ ಸಕ್ಕರೆ ಹರವಿ, ಬಾದಾಮಿಯಲ್ಲಿ ಮಗನ ಹೆಸರಿನ ಮೊದಲಕ್ಷರ ಕೂರಿಸಿದ್ದಳು. ಸತ್ತವರ ಹೆಸರಿನ ಈ ಗೋಧಿಯನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು "ದೇವರು ಅವನನ್ನು ಕ್ಷಮಿಸಲಿ" ಅನ್ನಬೇಕು. ಹಾಗೆ ಅನ್ನುವ ಬಾಯಿ ಒಂದೂ ಇಲ್ಲದಿದ್ದರೆ ಹೋದ ಜೀವಕ್ಕೆ ನೆಲೆಯಿಲ್ಲ ಎಂದು ಮಿಲಿಯಾ ನಂಬಿದ್ದಳು. ಹಂಬಿಸ್ ಹೋಗಿ ಮೂರು ವರ್ಷ. ಪ್ರತಿ ವರ್ಷವೂ ಅಷ್ಟೂ ಗೋಧಿಯನ್ನು ಹಕ್ಕಿಗಳಿಗೆ ಸುರಿದು ಮನೆಗೆ ಹೋಗಿದ್ದಳು.

ಅವಳ ಮಗ ಕ್ಷೌರಿಕ. ಇಂಗ್ಲಿಷರ ಶಿಬಿರಕ್ಕೆ ಹೋಗಿ ಸಿಪಾಯಿಗಳ ಗಡ್ಡ ಹೆರೆಯುತ್ತಿದ್ದ. ಸೈಪ್ರಸ್ಸಿನ ಬಿಡುಗಡೆಗೆಂದು ಬೆಟ್ಟ ಸೇರಿದ್ದ ಹುಡುಗರ ಅಡಗುತಾಣವೊಂದು ಸಿಪಾಯಿಗಳಿಗೆ ಸಿಕ್ಕಿದಾಗ, ಹೇಳಿಕೊಟ್ಟವನು ಇವನೇ ಎಂದು ಊರು ತೀರ್ಮಾನಿಸಿತು. ಬೆಟ್ಟದಿಂದ ಅಪ್ಪಣೆ ಬಂತು. ಗುಂಡು ಹಾರಿಸಿದವನು ಪಕ್ಕದ ಮನೆಯ ಪಿಯೆರಿಸ್, ಹಂಬಿಸನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು. ಆ ಕೊಲೆಗಾಗಿ ಇಂಗ್ಲಿಷರು ಪಿಯೆರಿಸನನ್ನು ಗಲ್ಲಿಗೆ ಹಾಕಿದರು. ಜನ ಹೆಣವನ್ನು ಮೆರವಣಿಗೆ ಮಾಡಿಯಾರೆಂದು ಹೆದರಿ ಜೈಲಿನ ಗೋಡೆಯೊಳಗೇ ಹೂತುಬಿಟ್ಟರು. ಅವನು ಊರಿಗೆ ದೇವರಾದ. ಆಮೇಲೆ ಇಂಗ್ಲಿಷರು ಹೋದರು, ಹೊಸ ಬಾವುಟ ಏರಿತು. ಮಿಲಿಯಾಳ ಬಾಗಿಲಿಗೆ ಮಾತ್ರ ಯಾರೂ ಬರಲಿಲ್ಲ.

ಅಂಗಳ ಖಾಲಿಯಾಯಿತು. ಮಿಲಿಯಾ ತಟ್ಟೆಗೆ ಬಟ್ಟೆ ಮುಚ್ಚುತ್ತಿದ್ದಾಗ ಒಳಗಿನಿಂದ ಪಿಯೆರಿಸನ ತಾಯಿ ಕ್ರಿಸ್ಟಲ್ಲೂ ಬಂದಳು. ಇಬ್ಬರದೂ ತಲೆಯಿಂದ ಕಾಲಿನವರೆಗೆ ಅದೇ ಕಪ್ಪು ಬಟ್ಟೆ. ನಡುವೆ ಒಂದೇ ಗೋಡೆಯಿದ್ದರೂ ಮೂರು ವರ್ಷದಿಂದ ಮಾತಿರಲಿಲ್ಲ.

"ಏನು, ನೋಡೋಕೆ ಬಂದ್ಯಾ?" ಅಂದಳು ಮಿಲಿಯಾ. "ನೋಡ್ಕೋ. ಮಾಡಿದ್ದು ಮಾಡಿದ ಹಾಗೇ ಇದೆ."

ಕ್ರಿಸ್ಟಲ್ಲೂ ಬಟ್ಟೆ ಸರಿಸಿದಳು. ಒಂದು ಹಿಡಿ ತೆಗೆದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ದೇವರು ನಮ್ಮ ಹಂಬಿಸನ್ನ ಕ್ಷಮಿಸಲಿ," ಅಂದಳು.

ಮೂರು ವರ್ಷ ಕಾದಿದ್ದ ಮಾತು ಅದು. ಬರಬಾರದ ಬಾಯಿಂದ ಬಂದಿತ್ತು. ಮಿಲಿಯಾಗೆ ಅಳು ಒತ್ತರಿಸಿಕೊಂಡು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

"ನಮ್ಮ ಹಂಬಿಸ್ ಅಂತೆ! ಯಾವ ಬಾಯಲ್ಲಿ ಅಂತೀಯೇ?"

"ಬೈಯಿ. ಬೈದು ಮುಗಿಸು, ಆಮೇಲೆ ನಂದೊಂದು ಮಾತಿದೆ." ಕ್ರಿಸ್ಟಲ್ಲೂ ದನಿ ತಗ್ಗಿಸಿದಳು. "ಗಲ್ಲಿಗೆ ಹಾಕೋ ಮುಂಚೆ ಪಿಯೆರಿಸನ್ನ ನೋಡೋಕೆ ಬಿಟ್ಟಿದ್ರು. ಕಂಬಿ ಹಿಡ್ಕೊಂಡು ಒಂದೇ ಒಂದು ಕೇಳ್ದ. 'ಅಮ್ಮಾ, ಹಂಬಿಸ್ ಹೇಳಿಕೊಟ್ಟಿರಲಿಲ್ಲ, ಅಲ್ವಾ?' ಅಂತ. ಅಷ್ಟರಲ್ಲಿ ನಂಗೂ ಗೊತ್ತಾಗಿತ್ತು ಕಣೇ. ನಿನ್ನ ಮಗ ಮಣ್ಣಾದ ಮೇಲೂ ಬೆಟ್ಟದ ಹುಡುಗರು ಸಿಕ್ಕಿಬೀಳ್ತಾನೇ ಇದ್ರಲ್ಲ."

"ನೀನೇನಂದೆ?"

"'ಇಲ್ಲ ಕಣೋ ಮಗಾ, ಅವನೇ ಹೇಳಿದ್ದು' ಅಂದೆ. ನೆಮ್ಮದಿಯಾಗಿ ಹೋಗ್ಲಿ ಅಂತ."

ಮಿಲಿಯಾಗೆ ಎದುರಿಗಿದ್ದವಳ ಮುಖಕ್ಕೆ ತಟ್ಟೆ ಎಸೆಯಬೇಕೆನಿಸಿತು, ಕೈ ಬರಲಿಲ್ಲ. "ನಾನಾಗಿದ್ರೂ ಅದನ್ನೇ ಹೇಳ್ತಿದ್ದೆ," ಅಂದಳು ಕೊನೆಗೆ.

"ನನ್ನ ಮಗನ ಗೋದಿ ತಿನ್ನೋಕೆ ಸುತ್ತ ಹತ್ತೂರು ಬಂದಿತ್ತು," ಅಂದಳು ಕ್ರಿಸ್ಟಲ್ಲೂ. "ತಿಂದ್ರು, 'ಅಮರ, ಅಮರ' ಅಂತ ಕೂಗಿದ್ರು. ದೇವರು ಕ್ಷಮಿಸಲಿ ಅಂತ ಒಬ್ಬರಾದ್ರೂ ಅಂದ್ರಾ? ವೀರನಿಗೆ ಕ್ಷಮೆ ಯಾಕೆ ಅಂತಾರೆ. ನಂಗೆ ನಿದ್ದೆ ಬರಲ್ಲ ಕಣೇ. ನೀನೊಂದು ಸಲ ಅನ್ನು ಮಿಲಿಯಾ. ನೀನಂದ್ರೇನೇ ಅದು ಅವನಿಗೆ ಮುಟ್ಟೋದು."

"ಅಂತೀನಿ. ಈಗ ನಂಗೆ ಹೇಳಿದ್ಯಲ್ಲ, ಅದನ್ನ ಅಲ್ಲಿ ಬಂದು ಹೇಳು." ಮಿಲಿಯಾ ಚೌಕದ ಕಾಫಿ ಅಂಗಡಿಯ ಕಡೆ ಗದ್ದ ಚಾಚಿದಳು. "ಹಂಬಿಸ್ ಏನೂ ತಪ್ಪು ಮಾಡಿರಲಿಲ್ಲ ಅಂತ ಒಂದು ಮಾತು. ನಿನ್ನ ಮಾತು ಅವರು ತೆಗೆದುಹಾಕಲ್ಲ, ಎಲ್ಲರೂ ಬಂದು ತಿಂತಾರೆ. ಆಮೇಲೆ ನಾನು ಮಂಡಿಯೂರಿ ನಿನ್ನ ಮಗನಿಗೋಸ್ಕರ ಬೇಡ್ಕೋತೀನಿ. ನಡಿ, ನಾನೂ ಬರ್ತೀನಿ."

ಕ್ರಿಸ್ಟಲ್ಲೂ ಮೆಟ್ಟಿಲಿಳಿದು ಚೌಕದ ಕಡೆ ಹೊರಟೇಬಿಟ್ಟಳು. ಮಿಲಿಯಾ ತಟ್ಟೆ ಎತ್ತಿಕೊಂಡು ಹಿಂದೆಯೇ ಬಂದಳು. ಕಾಫಿ ಅಂಗಡಿಯ ಗಂಡಸರು ಕ್ರಿಸ್ಟಲ್ಲೂವನ್ನು ಕಂಡವರೇ ಇಸ್ಪೀಟು ಕೆಳಗಿಟ್ಟು, ಟೋಪಿ ತೆಗೆದು, ಎದ್ದು ನಿಂತರು. ಪಿಯೆರಿಸನ ತಾಯಿ ಬಂದರೆ ಎದ್ದು ನಿಲ್ಲುವುದು ಊರಿನ ರೂಢಿಯಾಗಿತ್ತು.

ಕ್ರಿಸ್ಟಲ್ಲೂ ಅಲ್ಲಿಯೇ ನಿಂತುಬಿಟ್ಟಳು. ಮುಖ ಹಿಂದಕ್ಕೆ ತಿರುಗಿಸಲಿಲ್ಲ.

"ಹೆಣಾನೂ ಕೊಡಲಿಲ್ಲ ಕಣೇ ಇಂಗ್ಲಿಷರು," ಅಂದಳು. "ನನ್ನ ಮಗನದು ಅಂತ ಉಳಿದಿರೋದು ಇವರು ಹೀಗೆ ಎದ್ದು ನಿಲ್ಲೋದೊಂದೇ."