ಕರಿ ಬಟ್ಟೆಯ ನಿಂಜಾಗಳು

"ಕರಿ ಬಟ್ಟಿ ಹಾಕ್ಕೊಂಡು ಕೋಟಿ ಗೋಡಿ ಹತ್ತಾಂವ ನಿಂಜಾ ಅಲ್ಲರೀ, ಹುಚ್ಚ!" ಎಂದಳು ಮಾಯಕ್ಕ.

ತಾಲೀಮು ನಿಂತಿತು. ರಟ್ಟಿನ ಕೋಟೆಯ ಮೇಲೆ ಒಂದು ಕಾಲಿಟ್ಟಿದ್ದ ಬೀರೇಶ ಹಾಗೆಯೇ ಉಳಿದ. ಚೇತನನ ಕಿವಿ ಕೆಂಪಾದವು. ನಾಟಕ ಬರೆದವನು ಅವನು, ಆಡಿಸುತ್ತಿರುವವನು ಅವನು. ಕರಾಟೆಯಲ್ಲಿ ಕರಿ ಬೆಲ್ಟು ಬೇರೆ. ಬೆಳಗಾವಿಯ ಅಂತರ ಕಾಲೇಜು ನಾಟಕ ಸ್ಪರ್ಧೆಯ ಢಾಲು ಅವನ ಕಾಲೇಜಿನ ಕಪಾಟು ಬಿಟ್ಟು ಕದಲಿದ್ದೇ ಇಲ್ಲ. ಈ ಸಲ ಹಳೆಯ ಜಪಾನಿನ ಯುದ್ಧದ ಕಥೆ. ಶತ್ರುವಿನ ಕೋಟೆಗೆ ನಿಂಜಾಗಳು ಜಿಗಿಯುತ್ತಾರೆ, ಕತ್ತಿ ಝಳಪಿಸುತ್ತಾರೆ, ಗೆಲ್ಲುತ್ತಾರೆ. ಗೆಳೆಯ ಈರಣ್ಣ ವಡಗಾವಿಯ ತನ್ನ ಮನೆಯ ಮಗ್ಗದಿಂದ ಕರಿ ಬಟ್ಟೆಯ ದೊಡ್ಡ ಗಂಟನ್ನೇ ಹೊತ್ತು ತಂದಿದ್ದ.

ಮಾಯಕ್ಕ ಬರೀ ಪ್ರಾಂಪ್ಟರ್. ಪರದೆಯ ಹಿಂದೆ ನಿಂತು, ನಟರು ಮರೆತ ಮಾತನ್ನು ಪಿಸುದನಿಯಲ್ಲಿ ನೆನಪಿಸುವವಳು. ಕಾಲೇಜು ದೊಡ್ಡದು, ಆರ್ಟ್ಸಿನವಳಿರಬೇಕೆಂದು ಚೇತನ ಅಂದುಕೊಂಡಿದ್ದ. ತಮ್ಮದು ಕುರಿ ಸಾಕುವ ಮನೆ ಎಂದು ಅವಳೇ ಒಮ್ಮೆ ಹೇಳಿದ್ದಳು. ಸಂಜೆಯಾದರೆ ಖಾನಾಪುರ ರಸ್ತೆಯ ಪೀರನವಾಡಿ ಕಡೆಯ ಬಸ್ಸಿಗೆ ಓಡುತ್ತಿದ್ದಳು.

"ಮತ್ತ ನಿಂಜಾ ಅಂದ್ರ ಯಾರವ್ವಾ? ನೀ ಹೇಳು, ಕೇಳೂಣು," ಎಂದ ಚೇತನ. ಉಳಿದವರು ನಕ್ಕರು.

ಮಾಯಕ್ಕ ನಗಲಿಲ್ಲ. "ಜಪಾನದಾಗ ಇಗಾ, ಕೋಗಾ ಅಂತ ಗುಡ್ಡದ ಸೀಮಿ. ಅಲ್ಲೀ ಮಂದಿರೀ. ದೊರಿಗಳು ಯುದ್ಧಕ್ಕ ಮೊದಲ ಅವರನ್ನ ಕಳಸ್ತಿದ್ರು. ಸನ್ಯಾಸಿ ಆಗಿ, ಔಷಧ ಮಾರಾಂವ ಆಗಿ, ಹಾಡುಹಗಲ ಮುಂಬಾಗಲದಿಂದ ಕೋಟಿಯೊಳಗ ಹೋಗ್ತಿದ್ರು. ಬಾವಿ ಎಲ್ಲೈತಿ, ಕಾವಲು ಯಾವಾಗ ಬದಲಾಗತೈತಿ, ಯಾವ ಸರದಾರಗ ಯಾರನ್ನ ಕಂಡ್ರ ಆಗಂಗಿಲ್ಲ, ಎಲ್ಲಾ ತಿಳ್ಕೊಂತಿದ್ರು. ಸುಳ್ಳು ಸುದ್ದಿ ಹಬ್ಬಸ್ತಿದ್ರು. ಹೊತ್ತು ನೋಡಿ ಬೆಂಕಿ ಹಚ್ಚತಿದ್ರು. ಕತ್ತಿ ಬೀಸೂದು ಭಾಳ ಕಡಿಮಿ. ಈ ಕರಿ ಬಟ್ಟಿ ಚಿತ್ರ ಬರ್ಯಾವ್ರು, ನಾಟಕದವರು ಹೊಲದು ಕೊಟ್ಟದ್ದು."

"ಕುರಿ ಕಾಯೋರು ನಮಗ ಯುದ್ಧ ಕಲಸಾಕ ಬಂದ್ರು ನೋಡ್ರಿ!" ಎಂದ ಚೇತನ.

"ಕುರಿ ಕಾಯೋರಿಗೆ ತೋಳ ಗೊತ್ತಿರತೈತ್ರಿ," ಎಂದಳು ಮಾಯಕ್ಕ, ತಲೆ ತಗ್ಗಿಸದೆ.

ಯಾರೋ ಸಿಳ್ಳೆ ಹಾಕಿದರು. ಚೇತನನ ಹಟ ಕೆರಳಿತು. ಕಾವಲುಗಾರರಿಗಿದ್ದ ಬಣ್ಣದ ಬಟ್ಟೆಯನ್ನೂ ತೆಗೆಸಿ, ಇನ್ನಷ್ಟು ಹುಡುಗರಿಗೆ ಕರಿ ಬಟ್ಟೆ ಸುತ್ತಿಸಿದ. ನಿಂಜಾಗಳ ದಂಡು ಇಮ್ಮಡಿಯಾಯಿತು. ಮಾಯಕ್ಕ ಮತ್ತೆ ವಾದಿಸಲಿಲ್ಲ.

ಸ್ಪರ್ಧೆಯ ಮುನ್ನಾದಿನ ಬೀರೇಶ ಗೋಡೆಯಿಂದ ಜಿಗಿಯುವಾಗ ಕಾಲು ಉಳುಕಿಸಿಕೊಂಡ. ನಿಂಜಾಗಳ ನಾಯಕನೇ ಕುಂಟಿದರೆ ನಾಟಕ ಎಲ್ಲಿಂದ? ನಾಯಕನ ಮಾತೆಲ್ಲ ಬಾಯಿಪಾಠ ಇದ್ದದ್ದು ಒಬ್ಬಳಿಗೇ. ಚೇತನ ಗಂಟಲು ಸರಿಮಾಡಿಕೊಂಡು ಅವಳ ಹತ್ತಿರ ಹೋದ.

"ಏ ಮಾಯಕ್ಕ, ಮುಖ ಹೆಂಗೂ ಮುಚ್ಚಿರತೈತಿ. ನೀನ ಮಾಡಿಬಿಡು."

"ಒಲ್ಲೆರಿ."

"ನಾ ಇಷ್ಟು ಕೇಳಾಕತ್ತೀನಿ!"

"ಮುಖ ಮುಚ್ಕೊಂಡು ನಾ ರಂಗದ ಮ್ಯಾಲ ಹತ್ತಂಗಿಲ್ಲರಿ. ಹತ್ತಿದ್ರ ಮುಖ ತೋರಿಸೇ ಹತ್ತತೀನಿ."

ಸೊಕ್ಕು ಎಂದುಕೊಂಡ ಚೇತನ. ಕೊನೆಗೆ ತಾನೇ ಕರಿ ಬಟ್ಟೆ ತೊಟ್ಟ.

ಮರುದಿನ ಮಧ್ಯಾಹ್ನ ಸಭಾಗೃಹ ತುಂಬಿತ್ತು. ಅವರ ಸರದಿಗೆ ಮೊದಲು ಖಾನಾಪುರದ ಕಾಲೇಜಿನದು. ಚೇತನನಿಗೆ ಹೋದ ವರ್ಷ ನೆನಪಾಗಿ ನಗು ಬಂತು. ಖಾನಾಪುರದ ಹುಡುಗಿಯರು ಬಾಯಿ ತೆರೆದದ್ದೇ ತಡ, ಅವನು ಮತ್ತು ಅವನ ಗೆಳೆಯರು ಹಿಂದಿನ ಸಾಲಿನಿಂದ ಕುರಿಯಂತೆ "ಬ್ಯಾ" ಎಂದು ಕೂಗಿದ್ದರು. ನಾಟಕ ಅರ್ಧಕ್ಕೇ ನಿಂತು ಪರದೆ ಬಿದ್ದಿತ್ತು. ಆ ಹುಡುಗಿಯರಲ್ಲಿ ಒಬ್ಬರ ಮುಖವೂ ಅವನಿಗೆ ನೆನಪಿಲ್ಲ.

"ಚಾ ಹೇಳಿ ಬರ್ತೀನ್ರಿ," ಎಂದು ಮಾಯಕ್ಕ ಹೊರಗೆ ಹೋದಳು.

ಮೇಕಪ್ ಕೋಣೆಗೆ ಹೊರಗಿನ ಮಾತು ಸ್ಪಷ್ಟವಾಗಿ ಕೇಳಿಸುತ್ತಿರಲಿಲ್ಲ. ನಗು ಕೇಳಿಸಿತು, ಆಮೇಲೆ ದೀರ್ಘ ಮೌನ, ಆಮೇಲೆ ಚಪ್ಪಾಳೆ. ನಿಲ್ಲದ ಚಪ್ಪಾಳೆ. ಮಾಯಕ್ಕ ಓಡಿ ಬಂದಳು. ಕಣ್ಣು ಹೊಳೆಯುತ್ತಿದ್ದವು. ಚಹಾ ತಂದಿರಲಿಲ್ಲ. ಕೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ.

ಪರದೆ ಸರಿಯಿತು. ಚೇತನ ರಟ್ಟಿನ ಗೋಡೆಯಿಂದ ರಂಗಕ್ಕೆ ಜಿಗಿದ. ಹಿಂದೆಯೇ ಕರಿ ಬಟ್ಟೆಯ ದಂಡು.

"ಬಂದ್ರಪೋ, ಕುರುಡಗ ಕಾಣೋ ಕಳ್ಳರು!" ಎಂದು ಯಾರೋ ಕೂಗಿದರು.

ಸಭಾಗೃಹ ಹೊಟ್ಟೆ ಹಿಡಿದು ನಕ್ಕಿತು. ಚೇತನನಿಗೆ ತಲೆಬುಡ ತಿಳಿಯಲಿಲ್ಲ. ಕತ್ತಿ ಎತ್ತಿದರೆ ನಗು, ಬಗ್ಗಿದರೆ ನಗು. ಮಾತು ಮರೆತ. ಮಾಯಕ್ಕ ಒಂದಕ್ಷರವೂ ತಪ್ಪದೆ ನೆನಪಿಸುತ್ತಲೇ ಇದ್ದಳು. ಅವನ ಬಾಯಿಂದ ಮಾತ್ರ ಹೊರಡಲಿಲ್ಲ.

ಪರದೆ ಬಿದ್ದ ಮೇಲೆ ಈರಣ್ಣ ಏದುಸಿರು ಬಿಡುತ್ತ ಬಂದ. "ಚೇತನ್ಯಾ, ಖಾನಾಪುರದವರದ್ದೂ ನಿಂಜಾ ನಾಟಕನಲೇ! ಒಬ್ಬಾಕಿ ನೀರು ಹೊರಾಕಿ ಆಗಿ ಹಾಡುಹಗಲ ಕೋಟಿಯೊಳಗ ಹೋಗ್ತಾಳ. ಬಾಗಲಾ ತೆಗದು ಕೋಟೀನ ಗೆಲಸ್ತಾಳ. ಕರಿ ಬಟ್ಟಿಯವರು ಕುರುಡಗೂ ಕಾಣ್ತಾರಂತ ಕಾವಲಿನಾಂವ ನಗಸ್ತಾನ. ಅದಾದ ಮ್ಯಾಲ ನಾವು ಜಿಗದ್ವಿ!"

"ನಮ್ಮ ಕಥಿ ಅವರಿಗೆ ಯಾರು ಹೇಳಿದ್ರು?" ಎಂದು ಚೇತನ ಗುಡುಗಿದ. ಕುಂಟುತ್ತ ಬಂದು ನಿಂತಿದ್ದ ಬೀರೇಶನ ಕೊರಳಪಟ್ಟಿಗೆ ಕೈ ಹಾಕಿದ.

"ಆಂವನ್ನ ಬಿಡ್ರಿ," ಎಂದಳು ಮಾಯಕ್ಕ. "ಆಂವ ಯಾರ ಮುಂದನೂ ಏನೂ ಹೇಳಿಲ್ಲ."

ಅಷ್ಟರಲ್ಲಿ ಧ್ವನಿವರ್ಧಕ ಗರಗರಿಸಿತು. ಪ್ರಥಮ ಬಹುಮಾನ, ಖಾನಾಪುರ. ನಾಟಕ ಬರೆದು ನಿರ್ದೇಶಿಸಿದವರು ಢಾಲು ಸ್ವೀಕರಿಸಲು ಬರಬೇಕು.

ಚೇತನ ರಂಗದ ಮೆಟ್ಟಿಲಿಗೆ ಅಡ್ಡ ನಿಂತು ಖಾನಾಪುರದವರ ಸಾಲನ್ನು ದಿಟ್ಟಿಸಿದ. ಅಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು, ಒಬ್ಬರೂ ಏಳಲಿಲ್ಲ. ಎಲ್ಲರ ಕಣ್ಣೂ ಅವನ ಬೆನ್ನ ಹಿಂದೆ ನೆಟ್ಟಿದ್ದವು.

"ಸ್ವಲ್ಪ ಬಾಜೂಕ ಸರೀರಿ," ಎಂದಳು ಮಾಯಕ್ಕ. "ನನ್ನ ಕರ್ಯಾಕತ್ತಾರ."