ಈಜು ಮರೆತ ತಳಿ

ಬ್ಯಾಕ್ಟೀರಿಯಾ ಬೆಳೆಸಿದ ಎರಡೂ ತಟ್ಟೆಗಳನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಬುಗುರಿ ಸುಮ್ಮನೆ ನಿಂತುಬಿಟ್ಟಳು. ಲ್ಯಾಬ್ ನಡೆಸುವ ಮೇಡಂ ಕೈಕೆಲಸ ಬಿಟ್ಟು ಹತ್ತಿರ ಬಂದರು. ಹುಡುಗಿ ಒಂದು ಕಡೆ ನಿಲ್ಲುವವಳಲ್ಲ ಎಂದೇ ಲ್ಯಾಬಿಗೆ ಸೇರಿದ ಹೊಸದರಲ್ಲಿ ಅವರು ಅವಳಿಗೆ ಇಟ್ಟ ಹೆಸರು 'ಬುಗುರಿ'.

ಎಡಗಡೆ ತಟ್ಟೆಯಲ್ಲಿ ಬುಗುರಿ ಜೀನ್ ಕತ್ತರಿಸಿದ ಬ್ಯಾಕ್ಟೀರಿಯಾ ಇಟ್ಟಲ್ಲೇ ಚುಕ್ಕಿಯಾಗಿ ಕೂತಿತ್ತು. ಅದು ಸರಿಯೇ. ಆ ಜೀನ್ ಹೋದರೆ ಪ್ರೋಟೀನ್ ಹೊರಗೆ ಹಾಕುವುದೂ ನಿಲ್ಲುತ್ತದೆ, ಈಜುವುದೂ ನಿಲ್ಲುತ್ತದೆ ಎಂಬುದೇ ಅವಳ ಇಡೀ ಪ್ರಬಂಧ. ಬಲಗಡೆ ಇದ್ದದ್ದು ಏನೂ ಕತ್ತರಿಸದ ಮೂಲ ತಳಿ. ಪ್ರಬಂಧ ಕಳಿಸಿದ್ದ ವಿಜ್ಞಾನ ಪತ್ರಿಕೆಯವರು ಪಕ್ಕಪಕ್ಕ ಇಟ್ಟು ತೋರಿಸಿ ಎಂದದ್ದಕ್ಕೆ ಇಟ್ಟದ್ದು. ಅಗರ್ ಎಂಬ ಮೆತ್ತಗಿನ ಲೋಳೆಯಲ್ಲಿ ಅದು ಈಜಿಕೊಂಡು ಅಂಚಿನ ತನಕ ಹರಡಬೇಕಿತ್ತು. ಅದೂ ಚುಕ್ಕಿಯಾಗಿಯೇ ಕೂತಿತ್ತು.

"ಅಂದ್ಮೇಲೆ ಈಜು ನಿಂತಿದ್ದು ನಾನು ಕತ್ತರಿಸಿದ್ದಕ್ಕಲ್ಲ," ಎಂದಳು ಬುಗುರಿ. "ಮೇಡಂ, ಇದನ್ನ ಫ್ರೀಜರ್‌ನಿಂದ ತೆಗೆದು ಕೊಟ್ಟಿದ್ರಿ ಅಲ್ವಾ?"

ಮೇಡಂ ಕುರ್ಚಿ ಎಳೆದುಕೊಂಡರು. ಫ್ರೀಜರಿನಲ್ಲಿ ಬದಲಾಗದೆ ಉಳಿಯುವ ತಳಿ ಮುಗಿದುಹೋದೀತು ಎಂದು ಜಿಪುಣತನ ಮಾಡಿ, ಟ್ಯೂಬಿನಿಂದ ಟ್ಯೂಬಿಗೆ ದಾಟಿಸುತ್ತಾ ವರ್ಷಗಟ್ಟಲೆ ಅವರೇ ಸಾಕಿಕೊಂಡು ಬಂದ ತಳಿ ಅದು. ಬುಗುರಿ ಜೀನ್ ಕತ್ತರಿಸಿದ್ದೂ ಅದರಲ್ಲೇ. 'ಅದನ್ನೇನು ಪ್ರತಿಸಲ ಪರೀಕ್ಷೆ ಮಾಡ್ತೀಯಾ, ಅದು ಈಜೋದನ್ನ ನಾನೇ ಕಣ್ಣಾರೆ ನೋಡಿದ್ದೀನಿ' ಎಂದು ಗದರಿದ್ದೂ ಅವರೇ.

"ನಾನೇ ಸಾಕಿದ್ದು ಕಣೇ. ಬೆಚ್ಚಗಿಟ್ಟು ಬಾಯಿಗೇ ತುತ್ತು ಕೊಟ್ಟೆ. ಕೂತಲ್ಲೇ ಊಟ ಸಿಕ್ಕರೆ ಯಾವುದು ಈಜುತ್ತೆ ಹೇಳು. ಆ ಶಕ್ತಿನೇ ಹೋಗಿಬಿಟ್ಟಿದೆ."

ಬುಗುರಿ ಫ್ರೀಜರ್ ತೆರೆದು, ಹಿಮ ಕೆರೆದು, ಹಳೇ ತಳಿಯನ್ನು ಹೊರಗೆ ತೆಗೆದಳು. ಎರಡು ದಿನ ಕಳೆದು ನೋಡಿದರೆ ಅದು ತೆಳು ಮಂಜಿನಂತೆ ತಟ್ಟೆ ತುಂಬ ಹರಡಿತ್ತು. ಇನ್ನು ಅದರಲ್ಲೇ ಮತ್ತೆ ಜೀನ್ ಕತ್ತರಿಸಿ, ಎಲ್ಲ ಮೊದಲಿನಿಂದ ಶುರುಮಾಡಬೇಕು.

ಹೋದ ವರ್ಷ ಬೇರೆ ಊರಿನ ದೊಡ್ಡ ಲ್ಯಾಬಿನವರು ಇವಳನ್ನು ಕರೆದಿದ್ದರು. 'ಅಲ್ಲಿ ನಿನ್ನನ್ನ ಯಾರು ನೋಡ್ಕೋತಾರೆ, ನಾನಿಲ್ವಾ, ಇದೊಂದು ಮುಗಿಸು' ಎಂದು ತಾವೇ ತಡೆದದ್ದು ಮೇಡಂಗೆ ನೆನಪಾಯಿತು.

"ಆ ಲ್ಯಾಬಿನವರಿಗೆ ನಾನೇ ಫೋನ್ ಮಾಡ್ತೀನಿ. ತಪ್ಪು ನಂದು ಅಂತ ಹೇಳ್ತೀನಿ. ಇನ್ನೂ ಕಾಲ ಮಿಂಚಿಲ್ಲ, ನೀನು ಹೋಗು."

ಬುಗುರಿ ತನ್ನ ಸ್ಟೂಲಿನಿಂದ ಏಳಲಿಲ್ಲ. ಟ್ಯೂಬಿನ ಮುಚ್ಚಳ ಬಿಗಿಮಾಡುತ್ತಾ ಹೇಳಿದಳು:

"ಎಲ್ಲಿಗೆ ಅಂತ ಹೋಗ್ಲಿ ಮೇಡಂ? ನಂಗೆ ಇಲ್ಲೇ ಅಭ್ಯಾಸ ಆಗೋಗಿದೆ."